ಶರಾವತಿ ಹಿನ್ನೀರಿನ ಕಡೆ ಹೋಗೋರಿಗೆ ಊಟ ಎಲ್ಲಿ ಅಂತ ಹೇಳ್ತೀರಿ?

ಬನಶಂಕರಿಯಿಂದ
ನಮಸ್ಕಾರ ಎಲ್ಲರಿಗೂ. ಆಗಸ್ಟ್ ಎರಡನೇ ವಾರ ಕಾರಲ್ಲಿ ಶಿವಮೊಗ್ಗ, ಸಾಗರ, ಜೋಗ, ಸಿಗಂದೂರು ಮುಗಿಸಿ ಹೊನ್ನೆಮರಡು ಕಡೆ ಹಿನ್ನೀರು ನೋಡ್ಕೊಂಡು ಬರೋ ಯೋಚನೆ ಇದೆ. ಜೊತೆಗೆ ಅಮ್ಮ (ಸಕ್ಕರೆ ಕಾಯಿಲೆ, ಊಟ ಒಂದು ಗಂಟೆ ದಾಟಿದ್ರೆ ಕೈ ನಡುಕ ಶುರುವಾಗುತ್ತೆ), ಅತ್ತೆ (ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ), ಆರು ವರ್ಷದ ಮಗಳು, ಮತ್ತೆ ಮೀನು ಬೇಕೇ ಬೇಕು ಅನ್ನೋ ನಮ್ಮೆಜಮಾನ್ರು.

ಯಾರನ್ನ ಕೇಳಿದ್ರೂ "ದಾರೀಲಿ ಬೇಕಾದಷ್ಟು ಹೋಟೆಲ್ ಇದಾವೆ ಬಿಡಿ" ಅಂತಾರೆ. ಇರೋದು ನಮಗೂ ಗೊತ್ತು. ಇಷ್ಟು ಜನ ಒಟ್ಟಿಗೆ ಕೂತು ನೆಮ್ಮದಿಯಾಗಿ ಉಣ್ಣೋದು ಎಲ್ಲಿ ಅನ್ನೋದು ನನ್ನ ಪ್ರಶ್ನೆ. ನೀರು ಕಾಣೋ ಹಾಗೆ ಕೂರೋ ಜಾಗ ಇದ್ರೆ ಅದನ್ನೂ ಹೇಳಿ.

ಜಯನಗರ ನಾಲ್ಕನೇ ಬ್ಲಾಕ್
ಗೂಗಲ್ ಮ್ಯಾಪಲ್ಲಿ 4.2ಕ್ಕಿಂತ ಮೇಲೆ ಇರೋದಕ್ಕೆ ಹೋಗಿ. ಇದಕ್ಕೆ ಇಷ್ಟೊಂದು ಚರ್ಚೆ ಯಾಕೆ?

ಸಾಗರದವ
ಯಾಕೆ ಅಂದ್ರೆ ನಮ್ಮೂರ ಹೋಟೆಲಿಗೆ ಆ ಅಂಕಿ ಕೊಡೋರು ನಮ್ಮೂರಿನವರಲ್ಲ. ದಿನಾ ಉಣ್ಣೋ ಅಡಿಕೆ ಮಂಡಿಯವರು, ಕೋರ್ಟ್ ಕೆಲಸಕ್ಕೆ ಹಳ್ಳಿಯಿಂದ ಬಂದೋರು, ಬಸ್ಸಿನ ಕಂಡಕ್ಟರು ಯಾರೂ ಊಟ ಆದ್ಮೇಲೆ ಫೋನ್ ತೆಗೆದು ನಕ್ಷತ್ರ ಒತ್ತಲ್ಲ. ಒತ್ತೋರೆಲ್ಲ ಜೋಗ ನೋಡೋಕೆ ಬಂದು ಹೋಗೋರು. ಅವರು ಬರೆಯೋದು ಪಾರ್ಕಿಂಗ್ ಇತ್ತು, ಎಸಿ ಇತ್ತು, ಮಗುವಿಗೆ ನೂಡಲ್ಸ್ ಸಿಕ್ತು ಅಂತ. ಅನ್ನ ಬಿಸಿ ಇತ್ತಾ, ತಿಳಿಸಾರು ಹೇಗಿತ್ತು, ಮಜ್ಜಿಗೆಗೆ ನೀರು ಎಷ್ಟು, ಯಾರೂ ಬರೆಯಲ್ಲ.

ಬನಶಂಕರಿಯಿಂದ
ಹಾಗಾದ್ರೆ ನೀವೇ ಹೇಳಿ ಸರ್. ಸಾಗರದಲ್ಲಿ ಯಾವ ಹೋಟೆಲು?

ಸಾಗರದವ
ಹೆಸರಿಗಿಂತ ಮೊದಲು ಹೊತ್ತು ಹೇಳ್ತೀನಿ ಮೇಡಂ. ಸಣ್ಣ ಊರಲ್ಲಿ ಒಳ್ಳೆ ಹೋಟೆಲು ಅಂತ ಇರಲ್ಲ, ಒಳ್ಳೆ ಹೊತ್ತು ಅಂತ ಇರುತ್ತೆ. ಬೆಳಿಗ್ಗೆ ಏಳೂವರೆಗೆ ಬಂದ್ರೆ ಪೇಟೆ ಒಳಗೆ ಯಾವ ಹಳೇ ಹೋಟೆಲಿಗೆ ಹೊಕ್ಕರೂ ಇಡ್ಲಿ ಬಿಸಿ, ಚಟ್ನಿ ಆಗಷ್ಟೇ ರುಬ್ಬಿದ್ದು. ಅದೇ ಹೋಟೆಲಿಗೆ ಹತ್ತೂವರೆಗೆ ಹೋಗಿ, ಇಡ್ಲಿ ಮುಗಿದಿರುತ್ತೆ, ಬನ್ಸ್ ತಣ್ಣಗಾಗಿರುತ್ತೆ. ಅಡುಗೆಯವರು ಆಗ ಊಟದ ಒಲೆ ಹಚ್ಚಿರ್ತಾರೆ, ನಿಮ್ಮ ದೋಸೆಗೆ ಕಾವಲಿ ಸಿಗಲ್ಲ. ಊಟ ಹನ್ನೆರಡೂಕಾಲಿಗೆ ಶುರು. ಹನ್ನೆರಡೂವರೆಯಿಂದ ಒಂದೂವರೆ ಒಳಗೆ ಕೂತರೆ ಮೊದಲ ಸುತ್ತಿನ ಅನ್ನ, ಪಲ್ಯವೂ ಪೂರ್ತಿ ಇರುತ್ತೆ. ಎರಡೂವರೆ ಆದ್ಮೇಲೆ ಉಳಿದಿದ್ದು ಮಾತ್ರ. ಮೂರರಿಂದ ನಾಲ್ಕೂವರೆ ತನಕ ಅರ್ಧ ಶಟರ್ ಎಳೆದಿರ್ತಾರೆ, ಅವರೂ ಉಣ್ಣಬೇಕಲ್ಲ. ಆಮೇಲೆ ಮತ್ತೆ ಕಾಫಿ, ಗೋಳಿಬಜೆ.

ಬೆಂಗಳೂರಿನವರು ಜೋಗ ನೋಡಿ, ಫೋಟೋ ತೆಗೆದು, ಮೂರೂಕಾಲಿಗೆ ಸಾಗರಕ್ಕೆ ಬಂದು "ಊಟ ಚೆನ್ನಾಗಿಲ್ಲ" ಅಂತ ಬರೆದ್ರೆ ಅದು ಹೋಟೆಲಿನ ತಪ್ಪಲ್ಲ. ನಿಮ್ಮ ಅಮ್ಮನಿಗೆ ಒಂದು ಗಂಟೆಗೆ ಊಟ ಆಗಲೇಬೇಕು ಅಂದ್ರೆ ಅವರ ಹೊತ್ತೇ ಇಲ್ಲಿನ ಹೊತ್ತು. ಊಟ ಸಾಗರದಲ್ಲೇ ಮುಗಿಸಿ ಆಮೇಲೆ ಜೋಗಕ್ಕೆ ಹೊರಡಿ. ಬರೀ 30 ಕಿಲೋಮೀಟರ್.

ಮಾವಿನಕೊಪ್ಪ
ಇದೊಂದು ಮಾತು ಯಾರೂ ಹೇಳಲ್ಲ ನೋಡಿ. ಹೋಟೆಲ್ ಹೆಸರು ಮಾತ್ರ ಹೇಳಿ ಕಳಿಸ್ತಾರೆ. ಯಾವ ತಿಂಡಿ, ಎಷ್ಟೊತ್ತಿಗೆ, ವಾರದ ರಜೆ ಯಾವತ್ತು ಅಂತ ಹೇಳದ ಸಲಹೆ ಕೆಲಸಕ್ಕೆ ಬರಲ್ಲ.

ದಾವಣಗೆರೆ ಮಂಡಕ್ಕಿ
ಅಕ್ಕಾರ, ದಾವಣಗೆರಿ ಮ್ಯಾಲೆ ಹೋಗ್ರಿ! ಬೆಣ್ಣೆ ದೋಸೆ ತಿಂದು, ಚನ್ನಗಿರಿ ದಾರ್ಯಾಗ ಸೂಳೆಕೆರೆ ಏರಿ ಮ್ಯಾಲೆ ನಿಂತು ನೀರು ನೋಡಿ, ಹಂಗೇ ಶಿವಮೊಗ್ಗಕ್ಕ ಬರಬಹುದು. ಕೆರಿ ಬೇಕು ಅಂತೀರಿ, ಅದಕ್ಕಿಂತ ದೊಡ್ಡ ಕೆರಿ ಎಲ್ಲೈತಿ?

ಬಸ್ ಪ್ರಯಾಣಿಕ
ಬೆಂಗಳೂರಿಂದ ಸಾಗರಕ್ಕೆ ಬರೋರನ್ನ ದಾವಣಗೆರೆಗೆ ಕಳಿಸೋದಾ? ಅವರ ದಾರಿ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ. ಬಿ.ಎಚ್. ರಸ್ತೆ ಅಂದ್ರೇನೇ ಬೆಂಗಳೂರು–ಹೊನ್ನಾವರ. ಜೊತೆಗೆ ವಯಸ್ಸಾದವರು ಇದಾರೆ.

ದಾವಣಗೆರೆ ಮಂಡಕ್ಕಿ
ಬರೋ ಮುಂದ ಆದ್ರೂ ಬರ್ಲಿ ಬಿಡ್ರಿ. ಕೊಟ್ಟೂರೇಶ್ವರದಾಗ ಕುಂತು ಬೆಣ್ಣೆ ದೋಸೆ, ಆಲೂಗಡ್ಡಿ ಪಲ್ಯ, ಕಾಯಿ ಚಟ್ನಿ. ಸಾಂಬಾರ್ ಕೇಳಬ್ಯಾಡ್ರಿ, ನಮ್ಮಲ್ಲಿ ಬೆಣ್ಣೆ ದೋಸಿಗೆ ಸಾಂಬಾರ್ ಹಾಕಂಗಿಲ್ಲ. ಸಂಜಿಗೆ ಮಂಡಕ್ಕಿ ಮಿರ್ಚಿ.

ಜಯನಗರ ನಾಲ್ಕನೇ ಬ್ಲಾಕ್
ಬೆಣ್ಣೆ ದೋಸೆ ಬೆಂಗಳೂರಲ್ಲೇ ಬೀದಿಗೊಂದು ಸಿಗುತ್ತೆ.

ದಾವಣಗೆರೆ ಮಂಡಕ್ಕಿ
ಬೋರ್ಡ್ ಸಿಗತೈತಿ. ದೋಸಿ ದಾವಣಗೆರ್ಯಾಗ ಸಿಗತೈತಿ.

ತುಮಕೂರು ತಟ್ಟೆ
ಬೆಳಿಗ್ಗೆ ಬೇಗ ಹೊರಟ್ರೆ ಕ್ಯಾತ್ಸಂದ್ರದಲ್ಲೇ ತಟ್ಟೆ ಇಡ್ಲಿ ಮುಗಿಸಿಬಿಡಿ. ಮಗೂಗೆ ಖಾರ ಇಲ್ಲದೆ ಬೆಣ್ಣೆ ಹಾಕಿಸಿ ಕೊಡಬಹುದು. ಅಲ್ಲೇ ಪಕ್ಕದಲ್ಲಿ ಸಿದ್ಧಗಂಗಾ ಮಠ, ದಾಸೋಹದಲ್ಲಿ ಯಾರು ಬಂದ್ರೂ ಊಟ ಹಾಕ್ತಾರೆ. ಮಠದಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣೋ ಅನುಭವ ಮಗುವಿಗೆ ಆಗಲಿ ಅಂತ ನಾನು ಎಲ್ಲರಿಗೂ ಹೇಳ್ತೀನಿ.

ನೆಲಮಂಗಲ ದಾಟಿ
ಎಲ್ಲರೂ ಊಟದ ಬಗ್ಗೆ ಬರೀತಿದೀರಿ. ನಾನೊಂದು ಕೇಳ್ತೀನಿ, ಯಾವ ಹೋಟೆಲಲ್ಲಿ ಹೆಂಗಸರು ಹೋಗೋ ಹಾಗಿರೋ ಶೌಚಾಲಯ ಇದೆ? ಅರವತ್ತು ದಾಟಿದ ಇಬ್ಬರು ಹೆಂಗಸರು, ಒಂದು ಮಗು, ಐದಾರು ಗಂಟೆ ದಾರಿ. ನಮ್ಮತ್ತೆ ಇದೇ ಭಯಕ್ಕೆ ದಾರಿಯುದ್ದಕ್ಕೂ ನೀರೇ ಕುಡಿಯಲ್ಲ. ಗಂಡಸರು ಸಲಹೆ ಕೊಡುವಾಗ ಇದು ನೆನಪೇ ಆಗಲ್ಲ.

ಬನಶಂಕರಿಯಿಂದ
ಸತ್ಯವಾದ ಮಾತು. ಅಮ್ಮನೂ ಹಾಗೇ ಮಾಡ್ತಾರೆ, ಸಕ್ಕರೆ ಕಾಯಿಲೆ ಇರೋರು ನೀರು ಬಿಟ್ಟರೆ ಇನ್ನೂ ಕಷ್ಟ. ದಯವಿಟ್ಟು ಗೊತ್ತಿರೋರು ಹೇಳಿ.

ಬಸ್ ಪ್ರಯಾಣಿಕ
ಹೈವೇಯಲ್ಲಿ ಹೊಸದಾಗಿ ಆಗಿರೋ ದೊಡ್ಡ ಹೋಟೆಲುಗಳಲ್ಲಿ ಪರವಾಗಿಲ್ಲ, ಪೆಟ್ರೋಲ್ ಬಂಕ್ ಜೊತೆಗಿರೋದು ಇನ್ನೂ ವಾಸಿ. ತಿಂಡಿ ರುಚಿಗೆ ಒಂದು ಕಡೆ, ಶೌಚಾಲಯಕ್ಕೆ ಇನ್ನೊಂದು ಕಡೆ ನಿಲ್ಲಿಸಿ. ಎರಡೂ ಒಂದೇ ಕಡೆ ಸಿಗಲಿ ಅಂತ ಕಾದರೆ ಎರಡೂ ತಪ್ಪುತ್ತೆ. ರಾತ್ರಿ ಬಸ್ ನಿಲ್ಲಿಸೋ ಒಂದು ಡಾಬಾದ ಸ್ಥಿತಿ ನೋಡಿದ್ಮೇಲೆ ನಾನಂತೂ ಹೋಟೆಲಿಗೆ ಹೋದ್ರೆ ಮೊದಲು ಹಿಂದಗಡೆ ನೋಡಿ ಬರ್ತೀನಿ. ಅಲ್ಲಿ ಕ್ಲೀನಾಗಿದ್ರೆ ಅಡುಗೆಮನೆಯೂ ಕ್ಲೀನಾಗಿರುತ್ತೆ.

ಭದ್ರಾವತಿ ಕಬ್ಬಿಣ
ಶಿವಮೊಗ್ಗದಲ್ಲಿ ತಂಗಿದ್ರೆ ಬೆಳಿಗ್ಗೆ ಮೀನಾಕ್ಷಿ ಭವನದಲ್ಲಿ ದೋಸೆ ತಿಂದು ಹೊರಡಿ. ಭಾನುವಾರ ರಶ್ ಇರುತ್ತೆ. ಇನ್ನೊಂದು, ಮಗು ಇದೆ ಅಂದ್ರಲ್ಲ, ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲು ಆನೆ ಬಿಡಾರ. ಬೆಳಗಿನ ಹೊತ್ತು ಆನೆಗಳಿಗೆ ತುಂಗೆ ಹಿನ್ನೀರಲ್ಲಿ ಸ್ನಾನ ಮಾಡಿಸ್ತಾರೆ. ತಿಂಡಿ ಮೊದಲೇ ಮುಗಿಸಿ ಹೋಗಿ, ಆನೆ ನೋಡ್ತಾ ಮಕ್ಕಳಿಗೆ ಹಸಿವು ಗೊತ್ತಾಗಲ್ಲ, ಆಮೇಲೆ ಒಮ್ಮೆಲೇ ಹಟ.

ಲಕ್ಕವಳ್ಳಿ
ನೀರು ಕಾಣೋ ಹಾಗೆ ಊಟ ಅಂದ್ರೆ ನಮ್ಮ ಭದ್ರಾ ಹಿನ್ನೀರು. ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್ ಇದೆ. ಆದ್ರೆ ಅದು ತಂಗೋರಿಗೆ, ಊಟ ಪ್ಯಾಕೇಜಿನ ಒಳಗೆ. ಸುಮ್ಮನೆ ದಾರೀಲಿ ಹೋಗ್ತಾ ಊಟ ಮಾಡಿ ಹೋಗ್ತೀವಿ ಅಂತ ಬರಬೇಡಿ.

ಅಲೆಮಾರಿ ರವಿವಾರ
ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ಸಾಲು ಸಾಲು ರೆಸ್ಟೋರೆಂಟ್ ಇದೆಯಂತೆ, ರೀಲ್ಸ್‌ನಲ್ಲಿ ನೋಡಿದೆ. ಮೇಜು ನೀರಿನ ಪಕ್ಕದಲ್ಲೇ. ಯಾರಿಗಾದ್ರೂ ಹೆಸರು ಗೊತ್ತಾ?

ಕಾರ್ಗಲ್ ಕಾಲನಿ
ರೀಲ್ಸ್ ಬಿಡಿ. ನಾನು ಹುಟ್ಟಿ ಬೆಳೆದಿದ್ದು ಇದೇ ನೀರಿನ ಪಕ್ಕ. ಅಂಥ ಸಾಲು ಇಲ್ಲಿಲ್ಲ, ಇರೋಕೂ ಆಗಲ್ಲ.

ಇದು ಊರ ಕೆರೆ ಅಲ್ಲ, ಕರೆಂಟಿಗೆ ಕಟ್ಟಿದ ಜಲಾಶಯ. 1964ರಲ್ಲಿ ಕಟ್ಟು ಮುಗೀತು, ಪೂರ್ಣ ಮಟ್ಟ 1819 ಅಡಿ. ಮಳೆಗಾಲ ಮುಗಿಯೋ ಹೊತ್ತಿಗೆ ನೀರು ಕಾಡಿನ ಬುಡಕ್ಕೆ ಬಂದು ನಿಲ್ಲುತ್ತೆ. ಏಪ್ರಿಲ್ ಮೇಗೆ ಅದೇ ಜಾಗದಲ್ಲಿ ಕೆಂಪು ಮಣ್ಣು, ಒಣಗಿದ ಮರದ ಬೊಡ್ಡೆ, ನೀರು ಎಲ್ಲೋ ದೂರದಲ್ಲಿ. ದಡವೇ ವರ್ಷಪೂರ್ತಿ ಒಂದು ಕಡೆ ನಿಲ್ಲಲ್ಲ ಅಂದ್ಮೇಲೆ ಯಾರು ಹೋಟೆಲ್ ಕಟ್ತಾರೆ? ಸುತ್ತಲಿನ ಬಹಳಷ್ಟು ಜಾಗ ಅರಣ್ಯ, ಅಭಯಾರಣ್ಯ. ಹಾಗಾಗಿ ನೀರು ನೋಡೋದು ಒಂದು ಕಡೆ, ಉಣ್ಣೋದು ಇನ್ನೊಂದು ಕಡೆ. ಹಿನ್ನೀರಿನ ಹತ್ತಿರ ಊಟ ಬೇಕಂದ್ರೆ ಹೋಂಸ್ಟೇ ಒಂದೇ ದಾರಿ, ಅದೂ ಮೊದಲೇ ಹೇಳಿದ್ರೆ. ಹೊನ್ನೆಮರಡಿನಲ್ಲೂ ಶಿಬಿರಕ್ಕೆ ಮೊದಲೇ ಹೇಳಿ ಬಂದೋರಿಗಷ್ಟೇ ಅಡುಗೆ.

ಆ ನೀರಿನ ಕೆಳಗೆ ನಮ್ಮಜ್ಜನ ಮನೆ, ಗದ್ದೆ ಇದಾವೆ. ದಡದಲ್ಲಿ ಕೂತು ಬಾಟಲಿ, ತಟ್ಟೆ ಬಿಸಾಕಿ ಹೋಗೋರನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ. ಬುತ್ತಿ ತಗೊಂಡು ಹೋಗಿ ಕೂತು ಉಣ್ಣಿ, ಖಂಡಿತ ಉಣ್ಣಿ, ಕಸ ವಾಪಸ್ ತನ್ನಿ.

ಬನಶಂಕರಿಯಿಂದ
ಖಂಡಿತ ಸರ್. ಬುತ್ತಿ ಯೋಚನೆ ಬಂದೇ ಇರ್ಲಿಲ್ಲ. ಅತ್ತೆಗೂ ಅದೇ ಸರಿಹೋಗಬಹುದು.

ಮೈಸೂರು ಮಲ್ಲಿಗೆ ಹೂ
ಸಿಗಂದೂರಿಗೂ ಬುತ್ತಿ ಬೇಕು. ಹೊಳೆಬಾಗಿಲಲ್ಲಿ ಹಿನ್ನೀರು ದಾಟಿಸೋ ಲಾಂಚಿಗೆ ಗಂಟೆಗಟ್ಟಲೆ ಕ್ಯೂ, ಕಾರಿನೊಳಗೆ ಕೂತು ಬಿಸ್ಕತ್ತೇ ಗತಿ.

ತುಮರಿ ಕಡೆಯವಳು
ಆ ಕಾಲ ಹೋಯ್ತು. 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಗಿದೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, 2.44 ಕಿಲೋಮೀಟರ್. ಈಗ ಕಾರಲ್ಲಿ ಕೆಲವೇ ನಿಮಿಷ. ನಮಗೆ ಇದು ಎಂಥ ದೊಡ್ಡ ವಿಷಯ ಅಂತ ಹೊರಗಿನವರಿಗೆ ಗೊತ್ತಾಗಲ್ಲ. ರಾತ್ರಿ ಹೆರಿಗೆ ನೋವು ಬಂದ್ರೆ ಲಾಂಚ್ ಇಲ್ಲ ಅಂತ ಬೆಳಗಿನ ತನಕ ಕಾದ ಮನೆಗಳು ಈ ಕಡೆ ಇದಾವೆ.

ಊಟದ ವಿಷಯಕ್ಕೆ ಬಂದ್ರೆ, ಸೇತುವೆ ಆದ್ಮೇಲೆ ಹೊಳೆಬಾಗಿಲ ಅಂಗಡಿಗಳ ಕತೆ ಬದಲಾಗಿದೆ. ಕ್ಯೂ ಇದ್ದಾಗ ಚಹಾ, ಅವಲಕ್ಕಿ, ಅನಾನಸ್ ಹೋಳು, ಆಮ್ಲೆಟ್ ಮಾರಿ ಬದುಕಿದವರು. ಈಗ ಕಾರು ನಿಲ್ಲದೆ ಹೋಗುತ್ತೆ. ನೀವು ಹೋಗುವಾಗ ಆ ಕಡೆ ಅಥವಾ ಈ ಕಡೆ ಒಂದು ಹತ್ತು ನಿಮಿಷ ನಿಲ್ಲಿಸಿ ಚಹಾ ಕುಡೀರಿ. ನೀರು ಚೆನ್ನಾಗಿ ಕಾಣೋದೂ ಅಲ್ಲೇ. ಊಟಕ್ಕೆ ಸಿಗಂದೂರು ದೇವಸ್ಥಾನದಲ್ಲೇ ಮಧ್ಯಾಹ್ನ ಪ್ರಸಾದ ಇದೆ. ಅನ್ನ, ಸಾರು, ಪಾಯಸ. ಮಂಗಳವಾರ, ಶುಕ್ರವಾರ, ಭಾನುವಾರ ಜನ ಜಾಸ್ತಿ, ಅಮ್ಮನ ಹೊತ್ತಿಗೆ ಸಾಲು ಮುಗಿಯುತ್ತೆ ಅಂತ ಹೇಳೋಕಾಗಲ್ಲ. ಬೇರೆ ದಿನ ಬನ್ನಿ.

ಮೈಸೂರು ಮಲ್ಲಿಗೆ ಹೂ
ಲಾಂಚ್ ಮೇಲೆ ನಿಂತು ಹೋಗೋ ಖುಷಿ ಸೇತುವೇಲಿ ಎಲ್ಲಿ ಬರುತ್ತೆ ಹೇಳಿ?

ತುಮರಿ ಕಡೆಯವಳು
ನಿಮಗದು ವರ್ಷಕ್ಕೊಂದು ದಿನದ ಖುಷಿ. ನಮಗದು ದಿನಾ ಶಾಲೆಗೆ ಹೋಗೋ ದಾರಿ. ಇದರ ಬಗ್ಗೆ ನನ್ನ ಹತ್ರ ವಾದ ಮಾಡಬೇಡಿ.

ಹೊನ್ನಾವರ ಬಂದರು
ಮೀನಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟೇ ಇಲ್ಲ.

ಅಲೆಮಾರಿ ರವಿವಾರ
ಮಳೆಗಾಲದಲ್ಲಿ ಮೀನು ತಿನ್ನಲೇಬೇಡಿ, ಎಲ್ಲಾ ಐಸ್ ಮೀನು.

ಹೊನ್ನಾವರ ಬಂದರು
ಅರ್ಧ ಸರಿ, ಅರ್ಧ ತಪ್ಪು. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗೆ ಜೂನ್ 1ರಿಂದ ಜುಲೈ 31ರ ತನಕ ನಿಷೇಧ. ಮೀನು ಮೊಟ್ಟೆ ಇಡೋ ಕಾಲ ಅದು. ಆ ಎರಡು ತಿಂಗಳು ಘಟ್ಟದ ಮೇಲೆ "ತಾಜಾ ಸಮುದ್ರ ಮೀನು" ಅಂತ ಬೋರ್ಡ್ ಹಾಕಿದ್ರೆ ನಂಬಬೇಡಿ. ನಾಡದೋಣಿಯವರು ತಂದಿದ್ದು ನಮ್ಮ ಪೇಟೆಗೇ ಸಾಲಲ್ಲ. ಜೋಗಕ್ಕೆ ಜನ ಮುಗಿಬೀಳೋದೂ ಜುಲೈನಲ್ಲೇ, ಮೀನು ಇಲ್ಲದಿರೋದೂ ಜುಲೈನಲ್ಲೇ, ಅದಕ್ಕೇ ಈ ಗೊಂದಲ. ಆದ್ರೆ ಇವರು ಬರೋದು ಆಗಸ್ಟ್ ಎರಡನೇ ವಾರ. ಕಡಲು ಶಾಂತ ಇದ್ರೆ ಅಷ್ಟೊತ್ತಿಗೆ ದೋಣಿ ಇಳಿದಿರುತ್ತೆ. ಬಂಗುಡೆ, ತಾರ್ಲೆ ಬಂದ್ರೆ ಗೇರುಸೊಪ್ಪೆ ಘಾಟಿ ಹತ್ತಿ ಸಾಗರಕ್ಕೆ ಅದೇ ದಿನ ತಲುಪುತ್ತೆ. ಹೋಟೆಲಲ್ಲಿ "ಇವತ್ತು ಯಾವ ಮೀನು ಬಂದಿದೆ" ಅಂತ ಕೇಳಿ. ಒಂದೆರಡು ಹೆಸರು ಹೇಳಿದ್ರೆ ಕೂತ್ಕೊಳ್ಳಿ. ಹತ್ತು ಹದಿನೈದು ಬಗೆ ಇದೆ ಅಂದ್ರೆ ಅದು ಫ್ರಿಜ್ಜಿನ ಪಟ್ಟಿ.

ಸಾಗರದವ
ಶ್ರಾವಣ ಬೇರೆ ಇರುತ್ತೆ ಆಗ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ತಿಂಗಳು ಮೀನು ಮಾಂಸ ಮುಟ್ಟಲ್ಲ, ಮೀನೂಟದ ಹೋಟೆಲಿಗೂ ಗಿರಾಕಿ ಕಮ್ಮಿ. ಗಿರಾಕಿ ಕಮ್ಮಿ ಅಂದ್ರೆ ಮೀನು ಉಳಿಯುತ್ತೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಕಾರ್ಗಲ್ ಕಾಲನಿ
ಸಮುದ್ರ ಮೀನೇ ಯಾಕೆ? ಹಿನ್ನೀರಲ್ಲಿ ಕಾಟ್ಲಾ, ರೋಹು ಸಿಗುತ್ತೆ. ಹೊಳೆ ಮೀನಿನ ಹುಳಿ ಸಾರಿಗೆ ಅಕ್ಕಿರೊಟ್ಟಿ, ಅದು ನಮ್ಮ ಕಡೆ ಊಟ. ಮುಳ್ಳು ಜಾಸ್ತಿ, ಮಗುವಿಗೆ ಬಿಡಿಸಿ ಕೊಡಬೇಕು.

ಮಾವಿನಕೊಪ್ಪ
ಮೊದಲ ಮಳೆಗೆ ಹತ್ತುಮೀನು ಹಿಡಿಯೋದು ನಿಂತರೆ ಹೊಳೆ ಮೀನು ಇನ್ನೂ ಉಳಿಯುತ್ತೆ. ಬಸಿರು ಮೀನು ನೀರಿಗೆ ಎದುರು ಹತ್ತಿ ಬರೋದನ್ನೇ ಹಿಡಿದು ಬುಟ್ಟಿಗೆ ಹಾಕ್ತಾರೆ, ಮುಂದಿನ ವರ್ಷ ಮೀನಿಲ್ಲ ಅಂತಾರೆ.

ಕಾರ್ಗಲ್ ಕಾಲನಿ
ಹೌದು. ಆದ್ರೆ ಗದ್ದೆ ಬದುವಲ್ಲಿ ಕೂಣಿ (ಮೀನು ಹಿಡಿಯೋ ಬುಟ್ಟಿ) ಹಾಕೋ ಬಡವನಿಂದ ಮೀನು ಖಾಲಿ ಆಗ್ಲಿಲ್ಲ ಮಾರಾಯ್ರೆ. ಸಿಡಿಮದ್ದು ಹಾಕೋರು, ಸಣ್ಣ ಕಣ್ಣಿನ ಬಲೆ ಬಿಡೋರು ಬೇರೆ ಇದಾರೆ.

ಜಯನಗರ ನಾಲ್ಕನೇ ಬ್ಲಾಕ್
ಊಟದ ಪ್ರಶ್ನೆ ಎಲ್ಲಿಗೋ ಹೋಯ್ತು. ಜೋಗದಲ್ಲಿ ಏನು ಸಿಗುತ್ತೆ ಅದನ್ನ ಹೇಳಿ.

ತಾಳಗುಪ್ಪ ಟಿಕೆಟ್
ಜೋಗದಲ್ಲಿ ಕೆಎಸ್‌ಟಿಡಿಸಿಯ ಮಯೂರ ಗೇರುಸೊಪ್ಪ ಇದೆ, ಕೂತು ಉಣ್ಣೋಕೆ ಅದು. ಉಳಿದಂತೆ ಗಾಡಿಗಳು. ಮಳೆ, ಮಂಜು, ಕೈಲೊಂದು ಬಿಸಿ ಮೆಕ್ಕೆಜೋಳ, ಚುರುಮುರಿ, ಮೆಣಸಿನಕಾಯಿ ಬಜ್ಜಿ. ಅದು ನಾಲಿಗೆಗೆ, ಹೊಟ್ಟೆಗಲ್ಲ. ಸಕ್ಕರೆ ಕಾಯಿಲೆ ಇರೋರು ಅದನ್ನೇ ಊಟ ಅಂದ್ಕೊಂಡ್ರೆ ಕಷ್ಟ. ಇನ್ನೊಂದು ವಿಷಯ, ಮಂಜು ಕವಿದಾಗ ಜಲಪಾತ ಕಾಣಲ್ಲ, ಸರಿಯೋ ತನಕ ಕಾಯಬೇಕು. ಒಂದು ಗಂಟೆ ಅಂದ್ಕೊಂಡು ಹೋದೋರು ಮೂರು ಗಂಟೆ ನಿಲ್ತಾರೆ. ಊಟದ ಹೊತ್ತು ತಪ್ಪೋದು ಅಲ್ಲೇ.

ರೈಲಲ್ಲಿ ಬರೋರಿಗೆ: ಮೈಸೂರು–ತಾಳಗುಪ್ಪ ರೈಲು ರಾತ್ರಿ ಬೆಂಗಳೂರಿಂದ ಹೊರಟು ಬೆಳಿಗ್ಗೆ ಇಲ್ಲಿಗೆ ಬರುತ್ತೆ. ತಾಳಗುಪ್ಪ ಸಣ್ಣ ಊರು, ಸ್ಟೇಷನ್ ಹೊರಗೆ ಆಯ್ಕೆ ಕಮ್ಮಿ. ಹೊಟ್ಟೆ ತುಂಬ ತಿಂಡಿ ಬೇಕಂದ್ರೆ ಸಾಗರಕ್ಕೇ ಇಳೀರಿ.

ಹೆಗ್ಗೋಡು ಹಾದಿ
ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನೋ ಅತ್ತೆಗೆ ನಮ್ಮ ಕಡೆಗಿಂತ ಒಳ್ಳೆ ಜಾಗ ಇಲ್ಲ. ಹವ್ಯಕರ ಮನೆ ಹೋಂಸ್ಟೇಗಳಲ್ಲಿ ಒಂದು ದಿನ ಮುಂಚೆ ಹೇಳಿದ್ರೆ ಸಾಕು. ಆಗಸ್ಟ್ ಅಂದ್ರೆ ಕೆಸುವಿನ ಎಲೆ ಪತ್ರೊಡೆ ಕಾಲ, ಕಳಲೆ ಪಲ್ಯದ ಕಾಲ, ಹೋಟೆಲಲ್ಲಿ ಇದೆರಡೂ ಸಿಗೋದು ಅಪರೂಪ. ಎಲೆಗೆ ಮೊದಲು ತಂಬುಳಿ ಬರುತ್ತೆ, ಒಂದೆಲಗದ್ದೋ ಚಕ್ರಮುನಿಯದ್ದೋ, ತಣ್ಣಗೆ. ಅದನ್ನ ಬಿಸಿ ಅನ್ನಕ್ಕೆ ಕಲಸಿ. ಆಮೇಲೆ ಸಾರು, ಹುಳಿ. ಅಪ್ಪೆಹುಳಿ ಕೊಟ್ಟರೆ ಲೋಟಕ್ಕೆ ಹಾಕಿಸ್ಕೊಂಡು ಕುಡೀರಿ, ಅನ್ನಕ್ಕೆ ಹಾಕಿ ಸಾಂಬಾರ್ ತರ ಕಲಸಿ "ನೀರಾಯ್ತು" ಅಂತ ದೂರಬೇಡಿ. ಹೆಗ್ಗೋಡಿಗೂ ಬನ್ನಿ, ನೀನಾಸಂ ನೋಡ್ಕೊಂಡು ಹೋಗಿ. ಇಕ್ಕೇರಿ ದೇವಸ್ಥಾನ ಸಾಗರದ ಪಕ್ಕದಲ್ಲೇ.

ಅಲೆಮಾರಿ ರವಿವಾರ
ನನಗೊಬ್ಬರು ಸಾಗರದ ಹತ್ರ ಮನೆ ಮೆಸ್ ಹೇಳಿದ್ರು. ಅಜ್ಜಿಯೊಬ್ರು ನಡೆಸ್ತಾರೆ, ನೆಲದ ಮೇಲೆ ಕೂರಿಸಿ ಬಡಿಸ್ತಾರೆ, ಅಂಥ ಊಟ ಎಲ್ಲೂ ಉಂಡಿಲ್ಲ. ವಿಳಾಸ, ನಂಬರ್, ಫೋಟೋ ಎಲ್ಲಾ ಇಲ್ಲೇ ಹಾಕ್ಲಾ?

ಸಾಗರದವ
ದಯವಿಟ್ಟು ಬೇಡ.

ಅಲೆಮಾರಿ ರವಿವಾರ
ಯಾಕ್ರಿ? ಅವರಿಗೆ ವ್ಯಾಪಾರ ಆಗಬಾರದಾ?

ಮೆಸ್ ಮನೆಯ ಮಗ
ನಾನು ಹೇಳ್ತೀನಿ ಯಾಕೆ ಅಂತ. ನಮ್ಮಮ್ಮ ಇಂಥದ್ದೇ ಒಂದು ಊಟದ ಮನೆ ನಡೆಸ್ತಾರೆ, ಊರು ಹೇಳಲ್ಲ. ಬೆಳಿಗ್ಗೆ ಐದಕ್ಕೆ ಏಳ್ತಾರೆ. ಬ್ಯಾಂಕಿನವರು, ಕಾಲೇಜು ಮೇಷ್ಟ್ರು, ಲಾಡ್ಜಿನಲ್ಲಿ ತಿಂಗಳಗಟ್ಟಲೆ ಇರೋ ಎಂಜಿನಿಯರುಗಳು ದಿನಾ ಬರೋರು. ಅವರ ಲೆಕ್ಕಕ್ಕೇ ಅಕ್ಕಿ ಇಡೋದು. ಯಾರೋ ಒಬ್ಬರು ವಿಡಿಯೋ ಹಾಕಿದ್ರು. ಮುಂದಿನ ಶನಿವಾರ ಒಂದು ಟೆಂಪೋ ಟ್ರಾವೆಲರ್ ಬಂದು ನಿಲ್ತು, ಹಿಂದೆ ನಾಲ್ಕು ಕಾರು. ಹೇಳದೆ ಕೇಳದೆ. ಅಮ್ಮ ಬಂದವರನ್ನ ಹಸಿದು ಕಳಿಸೋ ಜಾತಿ ಅಲ್ಲ, ಮತ್ತೆ ಅನ್ನ ಇಟ್ರು, ಕೈಗೆ ಸಿಕ್ಕ ತರಕಾರಿ ಹೆಚ್ಚಿದ್ರು. ದಿನಾ ಬರೋ ಮೇಷ್ಟ್ರು ಬಾಗಿಲಲ್ಲಿ ಕಾದು ವಾಪಸ್ ಹೋದ್ರು. ಬಂದವರು "ವಿಡಿಯೋದಲ್ಲಿ ಇದ್ದ ಹೋಳಿಗೆ ಎಲ್ಲಿ" ಅಂತ ಕೇಳಿದ್ರು. ಅವತ್ತು ಅಮ್ಮನಿಗೇ ಊಟ ಉಳೀಲಿಲ್ಲ.

ವ್ಯಾಪಾರ ಬೇಡ ಅಂತ ಅಲ್ಲ. ಶನಿವಾರ ನಲವತ್ತು ಜನ ಬಂದು ಸೋಮವಾರ ಯಾರೂ ಬರದಿದ್ರೆ ಅದು ವ್ಯಾಪಾರ ಅಲ್ಲ. ದಿನಾ ಬರೋನು ತಪ್ಪಿಹೋದ್ರೆ ಮನೆ ನಡೆಯಲ್ಲ.

ನೆಲಮಂಗಲ ದಾಟಿ
ನಿಮ್ಮಮ್ಮನಿಗೆ ನಮಸ್ಕಾರ ಹೇಳಿ.

ಬಸ್ ಪ್ರಯಾಣಿಕ
ಆದ್ರೂ ಒಂದು ಪ್ರಶ್ನೆ. ಹೆಸರು ಹೇಳದೆ ಇದ್ರೆ ಪ್ರವಾಸಿಗಳ ದುಡ್ಡೆಲ್ಲ ಹೈವೇಯ ದೊಡ್ಡ ಹೋಟೆಲಿಗೇ ಹೋಗುತ್ತೆ. ಸಣ್ಣವರು ಹಾಗೇ ಸಣ್ಣವರಾಗಿ ಉಳೀಬೇಕಾ? ತುಮರಿ ಕಡೆಯವರು ಹೇಳಿದ್ರಲ್ಲ, ಹೊಳೆಬಾಗಿಲ ಅಂಗಡಿಗೆ ಗಿರಾಕಿ ಬೇಕು. ನಿಮಗೆ ಜಾಸ್ತಿ ಬೇಡ. ಯಾವುದು ಸರಿ?

ಮೆಸ್ ಮನೆಯ ಮಗ
ಎರಡೂ ಸರಿ. ಅದು ರಸ್ತೆ ಬದಿ ಅಂಗಡಿ, ಹತ್ತು ಜನ ಬಂದ್ರೆ ಹತ್ತು ಚಹಾ. ಇದು ಲೆಕ್ಕದ ಅಕ್ಕಿ. ಅದಕ್ಕೇ ಕೇಳೋದು, ಹೇಳುವಾಗ ಇದನ್ನೂ ಸೇರಿಸಿ ಹೇಳಿ: ಮುಂಚೆ ಫೋನ್ ಮಾಡಿ, ಇಷ್ಟು ಜನ ಅನ್ನಿ, ಇಷ್ಟೊತ್ತಿಗೆ ಅನ್ನಿ. ಐದು ಜನ ಅಂತ ಹಿಂದಿನ ದಿನ ಸಂಜೆ ಹೇಳಿದ್ರೆ ಅಮ್ಮ ಖುಷಿಯಿಂದ ಪಾಯಸ ಮಾಡ್ತಾರೆ. ಅದೇ ದಿನ ಅಂದ್ರೆ ಬೆಳಿಗ್ಗೆ ಒಂಬತ್ತರ ಒಳಗೆ ಹೇಳಿ, ಅಕ್ಕಿ ನೆನೆಸೋಕೆ, ತರಕಾರಿ ತರೋಕೆ ಹೊತ್ತು ಸಿಗುತ್ತೆ. ಹನ್ನೆರಡಕ್ಕೆ ಮಾಡಿದ್ರೆ ಕೈ ಬಿಡುವಿರಲ್ಲ, ಫೋನೇ ತೆಗೆಯಲ್ಲ. ಬರೋಕೆ ಆಗದಿದ್ರೆ ಅದನ್ನೂ ಹೇಳಿ, ನಿಮಗೋಸ್ಕರ ಇಟ್ಟ ಅನ್ನ ಯಾರೂ ಉಣ್ಣದೆ ಉಳಿದ್ರೆ ಮನಸ್ಸಿಗೆ ಬೇಜಾರು.

ಅಲೆಮಾರಿ ರವಿವಾರ
ಸರಿ, ಇಲ್ಲಿ ಹಾಕಲ್ಲ. ಬನಶಂಕರಿ ಮೇಡಂ ಕೇಳಿದ್ರೆ ಅಜ್ಜಿಯವರನ್ನ ಕೇಳಿ ನಂಬರ್ ಕಳಿಸ್ತೀನಿ.

ಬನಶಂಕರಿಯಿಂದ
ಕೇಳಿ ಕಳಿಸಿ. ಅವರು ಬೇಡ ಅಂದ್ರೆ ಬೇಡ.

ಯೋಚನೆ ಸ್ವಲ್ಪ ಬದಲಾಯ್ತು. ಮೊದಲ ದಿನ ಕ್ಯಾತ್ಸಂದ್ರ, ರಾತ್ರಿ ಶಿವಮೊಗ್ಗ. ಎರಡನೇ ದಿನ ಸಾಗರದಲ್ಲಿ ಹನ್ನೆರಡೂವರೆಗೆ ಊಟ, ಆಮೇಲೆ ಜೋಗ, ರಾತ್ರಿ ಹೋಂಸ್ಟೇ. ಸಿಗಂದೂರಿಗೆ ಬುಧವಾರ. ಹಿನ್ನೀರಿಗೆ ಹೋಂಸ್ಟೇಯಿಂದಲೇ ಬುತ್ತಿ ಕಟ್ಟಿಸ್ಕೊಂಡು ಹೋಗ್ತೀವಿ. ಮೀನು ಅವತ್ತು ಬಂದಿದ್ರೆ ಉಂಟು, ಇಲ್ಲದಿದ್ರೆ ಇಲ್ಲ ಅಂತ ನಮ್ಮೆಜಮಾನ್ರಿಗೆ ಹೇಳಿದೀನಿ.

ಹೆಗ್ಗೋಡು ಹಾದಿ
ಹೋಂಸ್ಟೇಯವರಿಗೆ ಅಮ್ಮನ ಸಕ್ಕರೆ ಕಾಯಿಲೆ ವಿಷಯ ಮೊದಲೇ ಹೇಳಿ. ನಮ್ಮ ಕಡೆ ಸಾರು ಹುಳಿಗೂ ಬೆಲ್ಲ ಹಾಕ್ತಾರೆ. ಹೇಳಿದ್ರೆ ಅವರ ಪಾಲು ಬೇರೆ ತೆಗೆದಿಡ್ತಾರೆ.

ಬನಶಂಕರಿಯಿಂದ
ಇದು ಗೊತ್ತೇ ಇರ್ಲಿಲ್ಲ, ತುಂಬಾ ಉಪಕಾರ ಆಯ್ತು. ಅತ್ತೆ ಅಪ್ಪೆಮಿಡಿ ಉಪ್ಪಿನಕಾಯಿ ತರಬೇಕು ಅಂತಿದಾರೆ. ಆಗಸ್ಟಲ್ಲಿ ಸಿಗುತ್ತಾ?

ದಾವಣಗೆರೆ ಮಂಡಕ್ಕಿ
ಮಾವಿನ ಮಿಡಿ ಬ್ಯಾಸಿಗಿಗೆ ಮುಗದು ಹೋಗತೈತಲ್ರಿ, ಆಗಸ್ಟಿನಾಗ ಎಲ್ಲಿ ಸಿಗಬೇಕು?

ಸಾಗರದವ
ಹಸಿ ಮಿಡಿ ಸಿಗಲ್ಲ, ಉಪ್ಪಿನಕಾಯಿ ವರ್ಷಪೂರ್ತಿ ಸಿಗುತ್ತೆ. ಬೇಸಿಗೆ ಶುರುವಿನಲ್ಲಿ ಮಿಡಿ ಕೊಯ್ದು ಉಪ್ಪಿಗೆ ಹಾಕಿಡ್ತಾರೆ, ಖಾರ ಆಮೇಲೆ ಬೆರೆಸೋದು. ಆಗಸ್ಟಿಗೆ ರಸ ಹಿಡಿದಿರುತ್ತೆ. ಪೇಟೆಯಲ್ಲಿ ಗೃಹೋದ್ಯೋಗದವರ ಅಂಗಡಿಗಳಿದಾವೆ, ರಿಪ್ಪನ್‌ಪೇಟೆ ಕಡೆಯೂ ಸಿಗುತ್ತೆ. ಮಿಡಿ ತೊಟ್ಟಿನ ಸಮೇತ ಇದ್ಯಾ ನೋಡಿ, ಮುರಿದಾಗ ಒಳಗೆ ಗೊರಟು ಬಲಿತಿರಬಾರದು. ಘಮ ಮೊದಲು ಮೂಗಿಗೇ ಗೊತ್ತಾಗುತ್ತೆ, ಮುಚ್ಚಳ ತೆಗೆಸಿ ಮೂಸಿ ನೋಡಿ ತಗೊಳ್ಳಿ.

ನೆಲಮಂಗಲ ದಾಟಿ
ಒಂದು ಕೆಜಿ ನನಗೂ ತರ್ತೀರಾ ಮೇಡಂ? ದುಡ್ಡು ಈಗಲೇ ಕಳಿಸ್ತೀನಿ.

ಬನಶಂಕರಿಯಿಂದ
ತರ್ತೀನಿ. ಬಾಟಲಿ ನಿಮ್ಮದೇ ಕೊಡಿ, ಗಾಜಿಂದು.